ಕಚೇರಿ ಕಟ್ಟಡದ ನೆಟ್‌ವರ್ಕ್ ಕೇಬಲ್: ಮಾನದಂಡದಂತೆ ಯೋಜಿಸಿ, ಹಾಕಿಸಿ, ಪರೀಕ್ಷಿಸಿ ವಹಿಸಿಕೊಳ್ಳುವ ಕ್ರಮ

ಕಚೇರಿಯ ಕಂಪ್ಯೂಟರುಗಳು ನಾಲ್ಕೈದು ವರ್ಷಕ್ಕೊಮ್ಮೆ ಬದಲಾಗುತ್ತವೆ. ಸ್ವಿಚ್ ಮತ್ತು ವೈಫೈ ಉಪಕರಣಗಳು ಏಳೆಂಟು ವರ್ಷ ಬಾಳಿದರೆ ಹೆಚ್ಚು. ಫಾಲ್ಸ್ ಸೀಲಿಂಗಿನ ಮೇಲೆ, ಗೋಡೆಯ ಪೈಪುಗಳೊಳಗೆ ಹಾಯ್ದ ಕೇಬಲ್ ಮಾತ್ರ ಒಳಾಂಗಣವನ್ನು ಮತ್ತೆ ಒಡೆದು ಕಟ್ಟುವ ತನಕ ಅಲ್ಲೇ ಇರುತ್ತದೆ. ಇಷ್ಟು ಕಾಲ ಉಳಿಯುವ ವಸ್ತುವಿನ ಬಗ್ಗೆ ನಮ್ಮಲ್ಲಿ ಯೋಚನೆ ಶುರುವಾಗುವುದು ಗೋಡೆಗೆ ಬಣ್ಣ ಬಳಿಯುವ ಹೊತ್ತಿಗೆ. ವಿದ್ಯುತ್ ಕೆಲಸದವರಿಗೇ ‘ಹಾಗೆಯೇ ಲ್ಯಾನ್ ವೈರನ್ನೂ ಎಳೆದುಬಿಡಿ’ ಎಂದು ಹೇಳಿ, ಯಾವ ದರ್ಜೆ, ಎಷ್ಟು ದೂರ, ಯಾವ ಪರೀಕ್ಷೆ ಎಂಬುದೊಂದನ್ನೂ ಬರೆದುಕೊಡದೆ ಬಿಡುವುದು ಸಾಮಾನ್ಯವಾಗಿದೆ. ಸೀಲಿಂಗ್ ಮುಚ್ಚಿದ ಮೇಲೆ ಆ ತಪ್ಪನ್ನು ಸರಿಪಡಿಸಲು ತಗಲುವ ವೆಚ್ಚ, ಮೊದಲೇ ಸರಿಯಾಗಿ ಮಾಡಿಸಿದ್ದರೆ ಆಗುತ್ತಿದ್ದ ವೆಚ್ಚಕ್ಕಿಂತ ಎಷ್ಟೋ ಹೆಚ್ಚು.

ಕಟ್ಟಡದ ಮಾಲೀಕರ ಪರವಾಗಿ ಕೆಲಸ ನೋಡಿಕೊಳ್ಳುವ ಎಂಜಿನಿಯರುಗಳು, ಸಂಸ್ಥೆಯ ಕಂಪ್ಯೂಟರ್ ವಿಭಾಗದ ಹೊಣೆ ಹೊತ್ತವರು ಮತ್ತು ಸೈಟ್ ಮೇಲ್ವಿಚಾರಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಲೆಕ್ಕಗಳು ಕಣ್ಣಿಗೆ ಕಟ್ಟುವಂತಿರಲು ಒಂದು ಮಾದರಿ ಕಟ್ಟಡವನ್ನು ಇಟ್ಟುಕೊಳ್ಳೋಣ. ಜಿಲ್ಲಾ ಕೇಂದ್ರವೊಂದರ ಮುಖ್ಯರಸ್ತೆಯಲ್ಲಿ, 60 ಮೀಟರ್ ಉದ್ದ ಮತ್ತು 15 ಮೀಟರ್ ಅಗಲದ ಮೂರು ಮಹಡಿಗಳ ಕಚೇರಿ. ಪ್ರತಿ ಮಹಡಿಯಲ್ಲಿ 40 ಜನರಿಗೆ ಆಸನ. ನಮ್ಮ ಊರುಗಳ ನಿವೇಶನಗಳು ಹೀಗೆ ಉದ್ದವಾಗಿ, ಕಿರಿದಾಗಿ ಇರುವುದರಿಂದ ಕೇಬಲಿನ ದೂರದ ಪ್ರಶ್ನೆ ಇಲ್ಲಿ ಬೇಗ ಎದುರಾಗುತ್ತದೆ.

ಮೊದಲು: ಯಾವ ಮಾನದಂಡವೆಂದು ಬರೆದು ನಿಗದಿಪಡಿಸಿ

ಅಮೆರಿಕದ ಟೆಲಿಫೋನ್ ವ್ಯವಸ್ಥೆಯ ಏಕಸ್ವಾಮ್ಯ 1984ರಲ್ಲಿ ಒಡೆದ ಮೇಲೆ ಕಟ್ಟಡದೊಳಗಿನ ತಂತಿ ಯಾರ ಹೊಣೆ, ಅದು ಹೇಗಿರಬೇಕು ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಉತ್ತರವಾಗಿ 1991ರಲ್ಲಿ ಹೊರಬಂದದ್ದು ಇಂದು ಟಿಐಎ-568 ಎಂದು ಕರೆಯುವ ಮಾನದಂಡ (ಟಿಐಎ ಎಂದರೆ ಅಮೆರಿಕದ ದೂರಸಂಪರ್ಕ ಉದ್ಯಮಗಳ ಸಂಘ). ಅಂತರರಾಷ್ಟ್ರೀಯ ಮಟ್ಟದಲ್ಲಿ ಅದಕ್ಕೆ ಸಮಾನವಾದ ಐಎಸ್‌ಒ/ಐಇಸಿ 11801 ಮಾನದಂಡ 1995ರಲ್ಲಿ ಪ್ರಕಟವಾಯಿತು. 2017ರಲ್ಲಿ ಅದನ್ನು ಆರು ಭಾಗಗಳಾಗಿ ಮರುರಚಿಸಿದಾಗ ಎರಡನೆಯ ಭಾಗವನ್ನು ಕಚೇರಿ ಕಟ್ಟಡಗಳಿಗೆ ಮೀಸಲಿಡಲಾಯಿತು. ಟಿಐಎ ಕುಟುಂಬದಲ್ಲಿ ಇನ್ನೂ ಮೂರು ದಾಖಲೆಗಳನ್ನು ಗುರುತಿಟ್ಟುಕೊಳ್ಳಬೇಕು: ಕೇಬಲ್ ಹಾಯುವ ದಾರಿ ಮತ್ತು ಕೋಣೆಗಳಿಗೆ 569, ಹೆಸರು ಮತ್ತು ದಾಖಲೆಗಳಿಗೆ 606, ಅರ್ತಿಂಗ್ ಮತ್ತು ಬಾಂಡಿಂಗ್‌ಗೆ (ಲೋಹದ ಭಾಗಗಳನ್ನು ಒಂದಕ್ಕೊಂದು ಜೋಡಿಸುವುದಕ್ಕೆ) 607. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯೂ ತನ್ನ ಎಂಟನೆಯ ಭಾಗದಲ್ಲಿ ಮಾಹಿತಿ ಮತ್ತು ಸಂವಹನ ವ್ಯವಸ್ಥೆಗಳಿಗಾಗಿ ಪ್ರತ್ಯೇಕ ಅಧ್ಯಾಯವನ್ನು ಸೇರಿಸಿಕೊಂಡಿದೆ.

ನಮ್ಮ ಅನೇಕ ಟೆಂಡರುಗಳಲ್ಲಿ ‘ಟಿಐಎ ಮತ್ತು ಐಎಸ್‌ಒ ಎರಡಕ್ಕೂ ಅನುಗುಣವಾಗಿ’ ಎಂದು ಬರೆದಿರುತ್ತಾರೆ. ಕೇಳಲು ಗಟ್ಟಿಯಾಗಿದ್ದರೂ ಇದು ಕೆಲಸಕ್ಕೆ ಬಾರದ ಮಾತು. ಏಕೆಂದರೆ ಎರಡರಲ್ಲಿಯೂ ಕೆಲವು ಪರೀಕ್ಷಾ ಮಿತಿಗಳು ಬೇರೆ ಬೇರೆ, ಮತ್ತು ಪರೀಕ್ಷಿಸುವ ಯಂತ್ರದಲ್ಲಿ ಒಮ್ಮೆಗೆ ಒಂದೇ ಮಿತಿಯನ್ನು ಆಯ್ದುಕೊಳ್ಳಬೇಕಾಗುತ್ತದೆ. ಆದ್ದರಿಂದ ಒಂದನ್ನೇ ಆರಿಸಿ, ಕೇಬಲಿನ ದರ್ಜೆ ಮತ್ತು ಪರೀಕ್ಷೆಯ ವಿಧವನ್ನೂ ಸೇರಿಸಿ, ಉದಾಹರಣೆಗೆ ‘ಟಿಐಎ ಕ್ಯಾಟ್ 6ಎ, ಪರ್ಮನೆಂಟ್ ಲಿಂಕ್ ಪರೀಕ್ಷೆ, ಪ್ರತಿ ಪಾಯಿಂಟಿಗೂ ವರದಿ’ ಎಂದು ಒಪ್ಪಂದದಲ್ಲಿಯೇ ನಮೂದಿಸಬೇಕು. ಈ ಒಂದು ಸಾಲು ಮುಂದೆ ಹಲವು ವಾದಗಳನ್ನು ತಪ್ಪಿಸುತ್ತದೆ. ಇಲ್ಲಿ ‘ಕ್ಯಾಟ್’ ಎಂದರೆ ಕೇಬಲಿನ ದರ್ಜೆ (ಕ್ಯಾಟಗರಿ), ‘ಪಾಯಿಂಟ್’ ಎಂದರೆ ಕೇಬಲ್ ಬಂದು ಸೇರುವ ಒಂದೊಂದು ಜಾಗ, ‘ಪರ್ಮನೆಂಟ್ ಲಿಂಕ್’ ಎಂದರೆ ನೆಟ್‌ವರ್ಕ್ ಕೋಣೆಯ ಪ್ಯಾನಲಿನಿಂದ ಗೋಡೆಯ ಜಾಕ್ ತನಕದ ಶಾಶ್ವತ ಭಾಗ.

ಕೋಣೆಯ ಜಾಗ ಮತ್ತು 90 ಮೀಟರಿನ ಲೆಕ್ಕ

ಮಾನದಂಡದ ಬೆನ್ನೆಲುಬು ನಕ್ಷತ್ರಾಕಾರದ ಜೋಡಣೆ. ಪ್ರತಿ ಮಹಡಿಗೆ ಕನಿಷ್ಠ ಒಂದು ನೆಟ್‌ವರ್ಕ್ ಕೋಣೆ ಇರಬೇಕು. ಆ ಮಹಡಿಯ ಪ್ರತಿಯೊಂದು ಪಾಯಿಂಟಿನಿಂದಲೂ ಒಂದೊಂದು ಕೇಬಲ್, ನಡುವೆ ಎಲ್ಲಿಯೂ ಜೋಡಿಸದೆ, ಕವಲೊಡೆಯದೆ, ನೇರವಾಗಿ ಆ ಕೋಣೆಯ ಪ್ಯಾಚ್ ಪ್ಯಾನಲಿಗೆ (ಕೇಬಲುಗಳು ಕೊನೆಗೊಳ್ಳುವ ಪೋರ್ಟುಗಳ ಫಲಕಕ್ಕೆ) ಬಂದು ಸೇರಬೇಕು. ಪ್ಯಾಚ್ ಪ್ಯಾನಲಿನಿಂದ ಗೋಡೆಯ ಜಾಕ್ ತನಕ ಇರುವ ಈ ಶಾಶ್ವತ ಭಾಗದ ಉದ್ದ 90 ಮೀಟರ್ ಮೀರಬಾರದು. ಎರಡು ತುದಿಗಳ ಪ್ಯಾಚ್ ಕಾರ್ಡುಗಳಿಗೆ (ಪ್ಲಗ್ ಹಾಕಿದ ಗಿಡ್ಡ ಕೇಬಲುಗಳಿಗೆ) ಒಟ್ಟು 10 ಮೀಟರ್ ಸೇರಿಸಿದರೆ ಸ್ವಿಚ್‌ನಿಂದ ಕಂಪ್ಯೂಟರಿನವರೆಗೆ 100 ಮೀಟರ್ ಆಗುತ್ತದೆ. ಮಹಡಿಯ ವಿಸ್ತೀರ್ಣ 1000 ಚದರ ಮೀಟರ್ ಮೀರಿದಾಗ ಅಥವಾ ಯಾವುದೇ ಪಾಯಿಂಟ್ 90 ಮೀಟರ್ ದಾಟಿದಾಗ ಅದೇ ಮಹಡಿಯಲ್ಲಿ ಮತ್ತೊಂದು ಕೋಣೆ ಬೇಕು.

ಈ 90 ಮೀಟರನ್ನು ನಕಾಶೆಯ ಮೇಲೆ ಓರೆಯಾಗಿ ಗೆರೆ ಎಳೆದು ಅಳೆಯುವವರು ಬಹಳ. ಕೇಬಲ್ ಓರೆಯಾಗಿ ಹೋಗುವುದಿಲ್ಲ; ಟ್ರೇ ಇದ್ದ ಕಡೆ ಹೋಗುತ್ತದೆ. ನಮ್ಮ ಮಾದರಿ ಕಟ್ಟಡದಲ್ಲಿ ಕೋಣೆಯನ್ನು ಲಿಫ್ಟಿನ ಪಕ್ಕದ ಒಂದು ಮೂಲೆಗೆ ಕೊಟ್ಟಿದ್ದಾರೆಂದು ಇಟ್ಟುಕೊಳ್ಳಿ. ಎದುರು ಮೂಲೆಯ ಮೇಜಿಗೆ ಉದ್ದದಲ್ಲಿ 60, ಅಗಲದಲ್ಲಿ 15, ಒಟ್ಟು 75 ಮೀಟರ್. ಅದಕ್ಕೆ ಪ್ಯಾನಲಿನಿಂದ ಟ್ರೇಗೆ ಏರಲು 2 ಮೀಟರ್, ಕೋಣೆಯಲ್ಲಿ ಬಿಡಬೇಕಾದ ಹೆಚ್ಚುವರಿ 3 ಮೀಟರ್, ಸೀಲಿಂಗಿನಿಂದ ಮೇಜಿನ ಮಟ್ಟಕ್ಕೆ ಇಳಿಯಲು 2.7, ಜಾಕ್ ಬಳಿ 0.3 ಮೀಟರ್ ಸೇರಿಸಿ, 83 ಆಯಿತು. ಇನ್ನು ತೊಲೆಗಳನ್ನು, ಏಸಿ ಡಕ್ಟುಗಳನ್ನು ಬಳಸಿ ಹೋಗುವ ಸುತ್ತು ಎಂಟು ಮೀಟರ್ ಆದರೂ 91 ಮುಟ್ಟಿತು, ಮಿತಿ ಮೀರಿತು. ಅದೇ ಕೋಣೆಯನ್ನು ಉದ್ದದ ನಡುವೆ ಇಟ್ಟರೆ ಅತಿ ದೂರದ ಪಾಯಿಂಟಿಗೆ 30 ಮತ್ತು 15 ಸೇರಿ 45, ಮೇಲೆ 8, ಒಟ್ಟು 53 ಮೀಟರ್. ಸುತ್ತು ಎಷ್ಟೇ ಇದ್ದರೂ ಚಿಂತೆಯಿಲ್ಲ. ವಾಸ್ತುಶಿಲ್ಪಿಯ ನಕಾಶೆ ಅಂತಿಮವಾಗುವ ಮುನ್ನ ಮಾಡಬೇಕಾದ ಮಾತು ಇದು. ಗೋಡೆ ಎದ್ದ ಮೇಲೆ ಯಾವ ದುಬಾರಿ ಕೇಬಲೂ ಇದಕ್ಕೆ ಪರಿಹಾರವಲ್ಲ.

ನಮ್ಮ ಹವಾಮಾನಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. 90 ಮೀಟರಿನ ಮಿತಿ 20 ಡಿಗ್ರಿ ಸೆಲ್ಸಿಯಸ್ ತಾಪಮಾನವನ್ನು ಆಧರಿಸಿದೆ. ಕವಚವಿಲ್ಲದ ಕೇಬಲಿನಲ್ಲಿ ಸಂಕೇತದ ನಷ್ಟ 20ರಿಂದ 40 ಡಿಗ್ರಿಯ ತನಕ ಪ್ರತಿ ಡಿಗ್ರಿಗೆ ಶೇ. 0.4ರಷ್ಟು, 40 ದಾಟಿದ ಮೇಲೆ ಶೇ. 0.6ರಷ್ಟು ಏರುತ್ತದೆ. ರಾಯಚೂರು, ಕಲಬುರಗಿಯಂಥ ಕಡೆ ಬೇಸಿಗೆಯಲ್ಲಿ ಕೊನೆಯ ಮಹಡಿಯ ಸೀಲಿಂಗಿನ ಮೇಲಿನ ಗಾಳಿಯಾಡದ ಜಾಗ 45 ಡಿಗ್ರಿ ಮುಟ್ಟಿತೆಂದರೆ ನಷ್ಟ ಸುಮಾರು ಶೇ. 11 ಹೆಚ್ಚುತ್ತದೆ, ಅಂದರೆ 90 ಮೀಟರ್ ಎಂದು ನಂಬಿದ್ದ ಮಿತಿ ಸುಮಾರು 81 ಮೀಟರಿಗೆ ಇಳಿಯುತ್ತದೆ. ಏಪ್ರಿಲ್ ಬಂದೊಡನೆ ಮೇಲ್ಮಹಡಿಯ ದೂರದ ಮೇಜುಗಳಲ್ಲಿ ಮಾತ್ರ ಸಂಪರ್ಕ ತಡವರಿಸುವ ಕಚೇರಿಗಳಲ್ಲಿ ಮೊದಲು ನೋಡಬೇಕಾದದ್ದು ಈ ಕಾರಣವನ್ನೇ.

ಪಾಯಿಂಟುಗಳನ್ನು ಎಣಿಸುವುದು

ಪ್ರತಿ ಆಸನಕ್ಕೆ ಕನಿಷ್ಠ ಎರಡು ಪಾಯಿಂಟ್ ಎಂಬುದು ಮಾನದಂಡದ ನಿಯಮ. ‘ಈಗ ಎಲ್ಲವೂ ವೈಫೈ, ಒಂದು ಸಾಕು’ ಎಂಬ ವಾದ ಆಗಾಗ ಬರುತ್ತದೆ. ಆದರೆ ವೈಫೈಯನ್ನು ಹೊತ್ತು ತರುವುದೂ ಕೇಬಲೇ. ವೈಫೈ ಸಂಕೇತ ಬೀರುವ ಆಕ್ಸೆಸ್ ಪಾಯಿಂಟುಗಳಿಗಾಗಿ ಟಿಐಎ ನೀಡಿರುವ ಮಾರ್ಗಸೂಚಿ ಸೀಲಿಂಗನ್ನು ಬದಿಯೊಂದಕ್ಕೆ 18.3 ಮೀಟರ್ ಮೀರದ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕಕ್ಕೆ ಕ್ಯಾಟ್ 6ಎ ದರ್ಜೆಯ ಎರಡು ಕೇಬಲ್ ಎಳೆಯಲು ಶಿಫಾರಸು ಮಾಡುತ್ತದೆ.

ನಮ್ಮ ಮಹಡಿಯ ಲೆಕ್ಕ ಹೀಗಾಗುತ್ತದೆ: 40 ಆಸನಗಳಿಗೆ 80 ಕೇಬಲ್, ನಾಲ್ಕು ವೈಫೈ ಚೌಕಗಳಿಗೆ 8, ಆರು ಕ್ಯಾಮೆರಾಗಳಿಗೆ 6, ಪ್ರಿಂಟರ್ ಮತ್ತು ಬಾಗಿಲಿನ ಹಾಜರಾತಿ ಯಂತ್ರಗಳಿಗೆ 4, ಒಟ್ಟು 98. ಶೇಕಡಾ 20ರಷ್ಟು ಮುಂದಿನ ಅಗತ್ಯಕ್ಕೆಂದು ಬಿಟ್ಟರೆ 24 ಪೋರ್ಟಿನ ಐದು ಪ್ಯಾಚ್ ಪ್ಯಾನಲ್ ಬೇಕು. ಐದು ಪ್ಯಾನಲ್, ಅವುಗಳ ನಡುವೆ ಐದು ಕೇಬಲ್ ಮ್ಯಾನೇಜರ್, ಮೂರು ಸ್ವಿಚ್, ಒಂದು ಫೈಬರ್ ಪ್ಯಾನಲ್ ಸೇರಿದರೇ 14 ಯೂನಿಟ್ (ಉಪಕರಣಗಳನ್ನು ಕೂರಿಸುವ ಚೌಕಟ್ಟಿನ ಎತ್ತರದ ಅಳತೆ) ಎತ್ತರ ತುಂಬಿತು. ಯುಪಿಎಸ್, ಪವರ್ ಸ್ಟ್ರಿಪ್ ಮತ್ತು ಗಾಳಿಯಾಡುವ ಖಾಲಿ ಜಾಗ ಇನ್ನೂ ಬಾಕಿ. ಗೋಡೆಗೆ ನೇತುಹಾಕುವ 9 ಯೂನಿಟ್ಟಿನ ಪೆಟ್ಟಿಗೆ ಇಂಥ ಮಹಡಿಗೆ ಯಾವ ರೀತಿಯಲ್ಲೂ ಸಾಲದು. ನೆಲದ ಮೇಲೆ ನಿಲ್ಲುವ, ಮುಂದೆಯೂ ಹಿಂದೆಯೂ ಬಾಗಿಲು ತೆರೆದು ಕೈಯಾಡಿಸಬಹುದಾದ ದೊಡ್ಡ ರ‍್ಯಾಕ್‌ಗೆ ಜಾಗ ಬಿಡಬೇಕು. ಶೌಚಾಲಯದ ಕೆಳಗೆ, ನೀರಿನ ಪೈಪುಗಳ ಅಡಿಯಲ್ಲಿ, ಕಸಪೊರಕೆಗಳನ್ನಿಡುವ ಮೂಲೆಯಲ್ಲಿ ಈ ಕೋಣೆಗೆ ಜಾಗ ತೋರಿಸಿದರೆ ಒಪ್ಪಿಕೊಳ್ಳಬಾರದು.

ಕೇಬಲಿನ ದರ್ಜೆ

ಕ್ಯಾಟ್ 5ಇ 100 ಮೆಗಾಹರ್ಟ್ಸ್ ತನಕ, ಕ್ಯಾಟ್ 6 250 ಮೆಗಾಹರ್ಟ್ಸ್ ತನಕ, ಕ್ಯಾಟ್ 6ಎ 500 ಮೆಗಾಹರ್ಟ್ಸ್ ತನಕ ಪರೀಕ್ಷಿಸಲ್ಪಡುತ್ತವೆ. ಮೂರೂ ಒಂದು ಗಿಗಾಬಿಟ್ ವೇಗವನ್ನು ಪೂರ್ತಿ 100 ಮೀಟರ್ ಒಯ್ಯುತ್ತವೆ; ಆದರೆ ಹತ್ತು ಗಿಗಾಬಿಟ್ಟನ್ನು ಪೂರ್ತಿ ದೂರ ಒಯ್ಯುವುದು 6ಎ ಮಾತ್ರ. ಕ್ಯಾಟ್ 6ರಲ್ಲಿ ಹತ್ತು ಗಿಗಾಬಿಟ್ 55 ಮೀಟರಿಗೆ ನಿಲ್ಲುತ್ತದೆ, ಕೇಬಲುಗಳು ಒತ್ತೊತ್ತಾಗಿ ಕಟ್ಟಿದ್ದರೆ 37 ಮೀಟರಿಗೇ ನಿಲ್ಲಬಹುದು. ಕ್ಯಾಟ್ 8 ಎಂಬುದು 30 ಮೀಟರ್ ದೂರದ ಡೇಟಾ ಸೆಂಟರ್ ಬಳಕೆಗೆ ರೂಪಿಸಿದ್ದು. ಕಚೇರಿಯ ಮೇಜಿಗೆ ಅದನ್ನು ಯಾರಾದರೂ ಸೂಚಿಸಿದರೆ ಹಣ ವ್ಯರ್ಥ. ಹೊಸ ಕಟ್ಟಡಕ್ಕೆ ನನ್ನ ಸಲಹೆ ಸ್ಪಷ್ಟ: ಆಕ್ಸೆಸ್ ಪಾಯಿಂಟುಗಳಿಗೆ ಖಂಡಿತವಾಗಿ 6ಎ, ಹಣವಿದ್ದರೆ ಎಲ್ಲ ಕಡೆಯೂ 6ಎ, ಇಲ್ಲವಾದರೆ ಮೇಜುಗಳಿಗೆ ಒಳ್ಳೆಯ ಕ್ಯಾಟ್ 6. ಕಳಪೆ 6ಎಗಿಂತ ಸರಿಯಾಗಿ ಹಾಕಿದ ಕ್ಯಾಟ್ 6 ಎಷ್ಟೋ ಮೇಲು.

ಕಳಪೆಯ ಮಾತು ಬಂದಾಗ ತಾಮ್ರ ಲೇಪಿತ ಅಲ್ಯೂಮಿನಿಯಂ ತಂತಿಯ ಬಗ್ಗೆ ಎಚ್ಚರಿಸಲೇಬೇಕು. ಪೆಟ್ಟಿಗೆಯ ಮೇಲೆ ‘ಕ್ಯಾಟ್ 6’ ಎಂದು ದೊಡ್ಡದಾಗಿ, ‘ಸಿಸಿಎ’ ಎಂದು ಸಣ್ಣದಾಗಿ ಮುದ್ರಿಸಿ, ಕೆಲವೊಮ್ಮೆ ಅದನ್ನೂ ಮುದ್ರಿಸದೆ, ಅರ್ಧ ಬೆಲೆಗೆ ಮಾರುವ ಈ ಕೇಬಲನ್ನು ಯಾವ ಮಾನದಂಡವೂ ಒಪ್ಪುವುದಿಲ್ಲ. ಮಾನದಂಡ ಕೇಳುವುದು ಘನ ತಾಮ್ರವನ್ನು. ಅಷ್ಟೇ ದಪ್ಪದ ತಾಮ್ರಕ್ಕಿಂತ ಇದರ ವಿದ್ಯುತ್ ನಿರೋಧ ಸುಮಾರು ಒಂದೂವರೆ ಪಟ್ಟು. ಕ್ಯಾಮೆರಾ, ಐಪಿ ಫೋನ್, ಆಕ್ಸೆಸ್ ಪಾಯಿಂಟುಗಳಿಗೆ ಇದೇ ಕೇಬಲಿನ ಮೂಲಕ ವಿದ್ಯುತ್ತೂ ಹರಿಯುವ ಇಂದಿನ ದಿನದಲ್ಲಿ, 2018ರ ಐಇಇಇ ನಿಯಮದಂತೆ ಅದು 90 ವ್ಯಾಟ್ ತನಕ ಇರಬಹುದಾದ್ದರಿಂದ, ಹೆಚ್ಚುವರಿ ನಿರೋಧವೆಂದರೆ ಹೆಚ್ಚುವರಿ ಶಾಖ. ಸೈಟಿಗೆ ಬಂದ ಪ್ರತಿ ಬ್ಯಾಚಿನ ಒಂದು ಪೆಟ್ಟಿಗೆಯಿಂದ ತುಂಡು ಕತ್ತರಿಸಿ, ಒಂದು ಎಳೆಯ ಮೇಲ್ಮೈಯನ್ನು ಬ್ಲೇಡಿನಿಂದ ಹೆರೆದು ನೋಡಿ: ತಾಮ್ರವಾದರೆ ಎಷ್ಟು ಹೆರೆದರೂ ಕೆಂಪು, ಲೇಪಿತವಾದರೆ ಒಳಗಿನ ಬಿಳಿ ಲೋಹ ಕಾಣುತ್ತದೆ. ಎರಡು ನಿಮಿಷದ ಕೆಲಸ, ಉಪಕರಣ ಬೇಕಿಲ್ಲ.

ಹೊರ ಕವಚ ಬೆಂಕಿಗೆ ಹೇಗೆ ವರ್ತಿಸುತ್ತದೆ ಎಂಬುದೂ ದರ್ಜೆಯ ಭಾಗವೇ. ಜನ ಕೂರುವ ಕಟ್ಟಡದಲ್ಲಿ ಹೊಗೆ ಕಡಿಮೆ ಸೂಸುವ, ಹ್ಯಾಲೊಜನ್ ಇಲ್ಲದ ಎಲ್‌ಎಸ್‌ಜೆಡ್‌ಹೆಚ್ ಕವಚವನ್ನೇ ಕೇಳಬೇಕು. ಜ್ವಾಲೆ ಹರಡುವಿಕೆಗೆ ಐಇಸಿ 60332, ಆಮ್ಲೀಯ ಅನಿಲಕ್ಕೆ 60754, ಹೊಗೆಯ ಸಾಂದ್ರತೆಗೆ 61034 ಎಂಬ ಪರೀಕ್ಷೆಗಳ ಪ್ರಮಾಣಪತ್ರವನ್ನು ತಯಾರಕರಿಂದ ಪಡೆಯಬೇಕು.

ಟ್ರೇ, ಪೈಪು ಮತ್ತು ವಿದ್ಯುತ್ತಿನಿಂದ ಅಂತರ

ಕೇಬಲ್ ಟ್ರೇಯನ್ನು ಮೊದಲ ದಿನ ಶೇಕಡಾ 25 ಮಾತ್ರ ತುಂಬುವಂತೆ ವಿನ್ಯಾಸ ಮಾಡಬೇಕು, ಎಂದಿಗೂ ಶೇಕಡಾ 50 ಮೀರಬಾರದು. 6ಎ ಕೇಬಲಿನ ವ್ಯಾಸ ಸುಮಾರು 7.5 ಮಿಲಿಮೀಟರ್, ಅಡ್ಡಛೇದ ಸುಮಾರು 44 ಚದರ ಮಿ.ಮೀ. ಕೋಣೆ ನಡುವೆ ಇದ್ದು ಒಂದೊಂದು ಬದಿಗೆ 49 ಕೇಬಲ್ ಹೋಗುವುದಾದರೆ 2156 ಚದರ ಮಿ.ಮೀ.; 200 ಮಿ.ಮೀ. ಅಗಲ, 50 ಮಿ.ಮೀ. ಆಳದ ಟ್ರೇಯ ಶೇಕಡಾ 25 ಎಂದರೆ 2500. ಸಾಕು. ಗೋಡೆಯಲ್ಲಿ ಇಳಿಯುವ 25 ಮಿ.ಮೀ. ಪಿವಿಸಿ ಪೈಪಿನ ಒಳವ್ಯಾಸ ಸುಮಾರು 21 ಮಿ.ಮೀ.; ಮೂರು ಅಥವಾ ಹೆಚ್ಚು ಕೇಬಲುಗಳಿಗೆ ಅನ್ವಯಿಸುವ ಶೇಕಡಾ 40ರ ಮಿತಿಯಲ್ಲಿ ಅದರೊಳಗೆ 6ಎ ಕೇಬಲ್ ಮೂರೇ ಹಿಡಿಯುವುದು. ವಿದ್ಯುತ್ ಕೆಲಸದವರು 20 ಮಿ.ಮೀ. ಪೈಪನ್ನು ಕಾಂಕ್ರೀಟಿನಲ್ಲಿ ಹೂತುಬಿಡುವ ಮುನ್ನ ಈ ಲೆಕ್ಕವನ್ನು ಅವರ ಕೈಗೆ ಕೊಡಿ. ಕೇಬಲನ್ನು ಎಳೆದುಕೊಳ್ಳಲು ಇಡುವ ಎರಡು ಪುಲ್ ಬಾಕ್ಸುಗಳ ನಡುವೆ ಪೈಪಿನ ಉದ್ದ 30 ಮೀಟರ್ ಮೀರದಿರಲಿ, ಲಂಬಕೋನದ ತಿರುವು ಎರಡಕ್ಕಿಂತ ಹೆಚ್ಚಿರದಿರಲಿ.

ಲ್ಯಾನ್ ಕೇಬಲನ್ನು 230 ವೋಲ್ಟಿನ ವಯರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯುವುದು ನಮ್ಮಲ್ಲಿ ಇನ್ನೂ ನಡೆದೇ ಇದೆ. ಇದರಿಂದ ಸಂಕೇತಕ್ಕೆ ತೊಂದರೆಯಾಗುವುದು ಒಂದು ಕಡೆಯಾದರೆ, ನಿರೋಧಕ ಪದರ ಒಡೆದಾಗ ಕಂಪ್ಯೂಟರ್ ಮುಟ್ಟಿದವರಿಗೆ ಪ್ರಾಣಾಪಾಯವಿದೆ. ಆದ್ದರಿಂದ ಇದನ್ನು ಯಾವ ಕಾರಣಕ್ಕೂ ಬಿಡಬಾರದು. ಎಷ್ಟು ಅಂತರವಿರಬೇಕು ಎಂಬುದನ್ನು ಐಎಸ್‌ಒ/ಐಇಸಿ 14763-2 ಕೇಬಲಿನ ಕವಚ, ವಿದ್ಯುತ್ ಸರ್ಕಿಟುಗಳ ಸಂಖ್ಯೆ ಮತ್ತು ನಡುವಿನ ಲೋಹದ ತಡೆಯನ್ನು ನೋಡಿ ನಿರ್ಧರಿಸುತ್ತದೆ. ಲೆಕ್ಕ ಹಾಕುವವರು ಇಲ್ಲದ ಕಡೆ, ಸಮಾನಾಂತರವಾಗಿ ಹೋಗುವ ವಿದ್ಯುತ್ ಟ್ರೇಗೂ ಇದಕ್ಕೂ 300 ಮಿ.ಮೀ. ಬಿಡುವುದು, ದಾಟಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟುವುದು ಒಳ್ಳೆಯ ರೂಢಿ.

ಮಹಡಿಯಿಂದ ಮಹಡಿಗೆ ಕೇಬಲ್ ಏರುವ ಶಾಫ್ಟಿನ ಪ್ರತಿ ತೂತನ್ನೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗ ಇದನ್ನು ಕೇಳುತ್ತದೆ. ಸಾಮಾನ್ಯ ಫೋಮ್ ತುಂಬಿ ಬಣ್ಣ ಹಚ್ಚಿದರೆ ಅದು ಬೆಂಕಿ ತಡೆ ಆಗುವುದಿಲ್ಲ. ಇಲಿಗಳ ಕಾಟಕ್ಕೂ ಈ ಮುಚ್ಚುವಿಕೆಯೇ ಮೊದಲ ಮದ್ದು.

ಎಳೆಯುವುದು, ಕಟ್ಟುವುದು

ಎಳೆಯುವ ಬಲ 110 ನ್ಯೂಟನ್ ಮೀರಬಾರದು. ಸರಳವಾಗಿ ಹೇಳುವುದಾದರೆ ಸುಮಾರು 11 ಕಿಲೋ ತೂಕ ನೇತುಬಿಟ್ಟಷ್ಟು. ಇಬ್ಬರು ಕಾಲೂರಿ ಜಗ್ಗುವ ಪರಿಸ್ಥಿತಿ ಬಂದರೆ ಪೈಪು ಚಿಕ್ಕದಾಗಿದೆ ಎಂದೇ ಅರ್ಥ. ಬಾಗು ಕೇಬಲಿನ ವ್ಯಾಸದ ನಾಲ್ಕು ಪಟ್ಟಿಗಿಂತ ಕಿರಿದಾಗಬಾರದು, ಅಂದರೆ 6ಎಗೆ ಸುಮಾರು 30 ಮಿ.ಮೀ. ತ್ರಿಜ್ಯ. ಪ್ಲಾಸ್ಟಿಕ್ ಟೈ ಹಾಕಿ ಕವಚ ಒಳಗೆ ಒತ್ತುವಷ್ಟು ಬಿಗಿದರೆ ಜೋಡಿಗಳ ನಡುವಿನ ಅಂತರ ಕೆಡುತ್ತದೆ. ವೆಲ್ಕ್ರೊ ಪಟ್ಟಿ ಬಳಸಿ, ಕಟ್ಟಿದ ಮೇಲೂ ಕೇಬಲ್ ಒಳಗೆ ಜಾರುವಂತಿರಲಿ. ವಿದ್ಯುತ್ ಹೊರುವ ಕೇಬಲುಗಳ ಕಟ್ಟನ್ನು 24ಕ್ಕೆ ಮಿತಿಗೊಳಿಸುವುದು ಒಳ್ಳೆಯದು, ಏಕೆಂದರೆ ಕಟ್ಟಿನ ನಡುವಿನ ತಾಪ ಸುತ್ತಲಿನದಕ್ಕಿಂತ 15 ಡಿಗ್ರಿಗಿಂತ ಹೆಚ್ಚಾಗದಂತೆ ನೋಡಿಕೊಳ್ಳಬೇಕೆಂಬುದು ಟಿಐಎ ಮಾರ್ಗಸೂಚಿ. ಸೀಲಿಂಗಿನ ತೂಗುತಂತಿಗಳಿಗೆ, ಸ್ಪ್ರಿಂಕ್ಲರ್ ಪೈಪುಗಳಿಗೆ ಕೇಬಲನ್ನು ಕಟ್ಟಿ ನೇತುಹಾಕಬಾರದು.

ಪಂಚಿಂಗ್: ಕೈಕೆಲಸ ಗೆಲ್ಲುವ ಅಥವಾ ಸೋಲುವ ಜಾಗ

ಕೇಬಲಿನ ಎಳೆಗಳನ್ನು ಜಾಕಿನ ಸೀಳುಗಳಲ್ಲಿ ಒತ್ತಿ ಕೂರಿಸುವುದೇ ಪಂಚಿಂಗ್. ಪರೀಕ್ಷೆಯಲ್ಲಿ ಸೋಲುವ ಹೆಚ್ಚಿನ ಪಾಯಿಂಟುಗಳ ದೋಷ ಕೇಬಲಿನ ನಡುವೆ ಇರುವುದಿಲ್ಲ, ತುದಿಯ ಕೆಲವೇ ಸೆಂಟಿಮೀಟರುಗಳಲ್ಲಿ ಇರುತ್ತದೆ. ಕೇಬಲಿನೊಳಗೆ ನಾಲ್ಕು ಜೋಡಿ ತಂತಿಗಳು ಬೇರೆ ಬೇರೆ ಬಿಗಿಯಲ್ಲಿ ಹೊಸೆದುಕೊಂಡಿರುತ್ತವೆ. ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಸೋರದಂತೆ ತಡೆಯುವುದು ಆ ಹೊಸಿಗೆಯೇ. ಜಾಕಿನಲ್ಲಿ ಕೂರಿಸಲು ಅದನ್ನು ಬಿಚ್ಚಲೇಬೇಕು, ಆದರೆ ಮಾನದಂಡ ಅನುಮತಿಸುವುದು 13 ಮಿ.ಮೀ. ಮಾತ್ರ, ಅರ್ಧ ಇಂಚು. ಅನುಭವವಿಲ್ಲದ ಕೈ ಕೆಲಸ ಸುಲಭವಾಗಲೆಂದು ಮೂರು ನಾಲ್ಕು ಸೆಂಟಿಮೀಟರ್ ಬಿಚ್ಚಿ, ತಂತಿಗಳನ್ನು ನೆಟ್ಟಗೆ ಸವರಿ, ನೋಡಲು ಅಚ್ಚುಕಟ್ಟಾಗಿ ಕೂರಿಸುತ್ತದೆ. ಆ ಅಚ್ಚುಕಟ್ಟೇ ದೋಷ.

ಸರಿಯಾದ ಕ್ರಮ ಹೀಗಿದೆ. ಹೊರ ಕವಚವನ್ನು ಸುಮಾರು ನಾಲ್ಕು ಸೆಂಟಿಮೀಟರ್ ಸುಲಿದು, ಬ್ಲೇಡ್ ಒಳಗಿನ ಎಳೆಗಳನ್ನು ತಾಗಿಲ್ಲವೆಂದು ಖಚಿತಪಡಿಸಿಕೊಂಡು, ನಡುವಿನ ಪ್ಲಾಸ್ಟಿಕ್ ಅಡ್ಡಪಟ್ಟಿಯಿದ್ದರೆ ಅದನ್ನು ಕವಚದ ಅಂಚಿಗೆ ಸರಿಯಾಗಿ ಕತ್ತರಿಸಿ. ಕವಚದ ಅಂಚು ಜಾಕಿನ ಹಿಂಬದಿಗೆ ತಾಗುವಂತೆ ಹಿಡಿದು, ಪ್ರತಿ ಜೋಡಿಯನ್ನು ಹೊಸೆದಂತೆಯೇ ತನ್ನ ಸೀಳಿನ ಬಾಯಿಗೆ ತಂದು, ಅಲ್ಲಿ ಮಾತ್ರ ಬಿಡಿಸಿ ಎರಡು ಎಳೆಗಳನ್ನು ಎರಡು ಸೀಳುಗಳಲ್ಲಿ ಕೂರಿಸಿ. ಪಂಚಿಂಗ್ ಟೂಲನ್ನು ನೆಟ್ಟಗೆ ಹಿಡಿದು, ಕತ್ತರಿಸುವ ಅಲಗು ಹೊರಮುಖವಾಗಿರುವಂತೆ ನೋಡಿಕೊಂಡು ಒಂದೇ ಸಲ ಒತ್ತಿ. ‘ಟಕ್’ ಎಂದು ಕೇಳಿಸಿದ ಮೇಲೆ ಮತ್ತೆ ಮತ್ತೆ ಒತ್ತುವುದು ಬೇಡ. ಸಂಪರ್ಕದ ಲೋಹದ ಬಾಯಿ ಅಗಲವಾಗುತ್ತದೆ.

ಬಣ್ಣದ ಕ್ರಮ ಟಿ568ಎ ಅಥವಾ ಟಿ568ಬಿ. ಎರಡಕ್ಕೂ ವ್ಯತ್ಯಾಸ ಕಿತ್ತಳೆ ಮತ್ತು ಹಸಿರು ಜೋಡಿಗಳ ಅದಲು ಬದಲು ಮಾತ್ರ, ಗುಣದಲ್ಲಿ ಏನೂ ಇಲ್ಲ. ನಮ್ಮಲ್ಲಿ ‘ಬಿ’ ಹೆಚ್ಚು ಬಳಕೆಯಲ್ಲಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇಡೀ ಕಟ್ಟಡಕ್ಕೆ ಒಂದನ್ನೇ ಆರಿಸಿ, ರ‍್ಯಾಕ್ ಬಾಗಿಲಿನ ಒಳಬದಿಯಲ್ಲಿ ಅದನ್ನು ಅಂಟಿಸಿಡಿ.

ಗೋಡೆಯಿಂದ ಬಂದ ಕೇಬಲಿನ ತುದಿಗೆ ನೇರವಾಗಿ ಆರ್‌ಜೆ45 ಪ್ಲಗ್ ಕ್ರಿಂಪ್ ಮಾಡಿ ಕಂಪ್ಯೂಟರಿಗೆ ಸಿಕ್ಕಿಸುವುದು ಹಣ ಉಳಿಸುವ ಜನಪ್ರಿಯ ಉಪಾಯ. ಗೋಡೆಯ ಕೇಬಲ್ ಗಟ್ಟಿ ಎಳೆಯದು, ಮೇಜಿನ ಹಿಂದೆ ದಿನವೂ ಅಲುಗಿದರೆ ಮುರಿಯುತ್ತದೆ. ಆದ್ದರಿಂದ ಅದು ಜಾಕಿನಲ್ಲೇ ಕೊನೆಗೊಳ್ಳಬೇಕು, ಅಲ್ಲಿಂದ ಮುಂದೆ ಕಾರ್ಖಾನೆಯಲ್ಲಿ ತಯಾರಾದ ಪ್ಯಾಚ್ ಕಾರ್ಡ್. ಅಲುಗಾಡದ ಕ್ಯಾಮೆರಾ ಮತ್ತು ಆಕ್ಸೆಸ್ ಪಾಯಿಂಟುಗಳಿಗೆ ಮಾತ್ರ ನೇರ ಪ್ಲಗ್ ಜೋಡಣೆಯನ್ನು 2018ರ ಟಿಐಎ-568.2-ಡಿ ಅಂಗೀಕರಿಸಿದೆ, ಅದಕ್ಕೂ ಪ್ರತ್ಯೇಕ ಪರೀಕ್ಷಾ ವಿಧಾನವಿದೆ.

ಮಹಡಿಗಳ ನಡುವೆ ಫೈಬರ್

ಮಹಡಿಗಳ ಕೋಣೆಗಳನ್ನು ಮುಖ್ಯ ಕೋಣೆಗೆ ಜೋಡಿಸಲು ಆಪ್ಟಿಕಲ್ ಫೈಬರ್ ಹಾಕಬೇಕು. ಅದರಲ್ಲಿ ಎರಡು ಬಗೆ: ಬೆಳಕು ಹಲವು ದಾರಿಗಳಲ್ಲಿ ಸಾಗುವ ಮಲ್ಟಿಮೋಡ್, ಒಂದೇ ದಾರಿಯಲ್ಲಿ ಸಾಗುವ ಸಿಂಗಲ್‌ಮೋಡ್. ಓಎಂ4 ದರ್ಜೆಯ ಮಲ್ಟಿಮೋಡ್ ಹತ್ತು ಗಿಗಾಬಿಟ್ಟನ್ನು 400 ಮೀಟರ್ ಒಯ್ಯುತ್ತದೆ. ಹಳದಿ ಕವಚದ ಓಎಸ್2 ಸಿಂಗಲ್‌ಮೋಡ್‌ಗೆ ಕಟ್ಟಡದೊಳಗಿನ ದೂರಗಳು ಲೆಕ್ಕಕ್ಕೇ ಇಲ್ಲ. ಇಂದು ಹೊಸದಾಗಿ ಹಾಕುವವರು ಸಿಂಗಲ್‌ಮೋಡನ್ನೇ ಆರಿಸುವುದು ಮೇಲು. ಮುಂದೆ ವೇಗ ಎಷ್ಟೇ ಏರಿದರೂ ಗಾಜನ್ನು ಬದಲಿಸಬೇಕಾಗುವುದಿಲ್ಲ. ಎಷ್ಟು ನಷ್ಟ ಸಹ್ಯ ಎಂಬುದನ್ನು ಮೊದಲೇ ಕೂಡಿಡಬೇಕು: ಮಾನದಂಡದಂತೆ ಪ್ರತಿ ಕನೆಕ್ಟರ್ ಜೋಡಿಗೆ ಗರಿಷ್ಠ 0.75 ಡಿಬಿ (ಡೆಸಿಬೆಲ್, ನಷ್ಟದ ಅಳತೆ), ಎಳೆಗಳನ್ನು ಬೆಸೆದ ಪ್ರತಿ ಸ್ಪ್ಲೈಸಿಗೆ 0.3 ಡಿಬಿ. 100 ಮೀಟರಿನ ಓಎಂ4 ಸಂಪರ್ಕಕ್ಕೆ ಎರಡು ಕನೆಕ್ಟರುಗಳ 1.5 ಡಿಬಿ ಮತ್ತು ಗಾಜಿನ 0.3 ಡಿಬಿ ಸೇರಿ 1.8, ಅಳತೆ ಇದಕ್ಕಿಂತ ಹೆಚ್ಚು ಬಂದರೆ ಮೊದಲು ತುದಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಒರೆಸಬೇಕು. ದೋಷ ಬಹುತೇಕ ಧೂಳಿನದೇ ಆಗಿರುತ್ತದೆ.

ಒಂದೇ ಆವರಣದ ಎರಡು ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಕೇಬಲ್ ಬೇಡವೇ ಬೇಡ. ಎರಡು ಕಟ್ಟಡಗಳ ಅರ್ತಿಂಗ್ ಮಟ್ಟ ಒಂದೇ ಇರುವುದಿಲ್ಲ, ಮತ್ತು ಮುಂಗಾರಿಗೆ ಮುಂಚಿನ ಸಿಡಿಲಿನ ದಿನಗಳಲ್ಲಿ ಆ ತಾಮ್ರವೇ ಎರಡೂ ಬದಿಯ ಸ್ವಿಚ್ಚುಗಳನ್ನು ಸುಡುವ ದಾರಿಯಾಗುತ್ತದೆ. ಲೋಹರಹಿತ ಫೈಬರಿಗೆ ಈ ಭಯವಿಲ್ಲ.

ಅರ್ತಿಂಗ್

ಪ್ರತಿ ರ‍್ಯಾಕ್, ಪ್ರತಿ ಲೋಹದ ಟ್ರೇ ಕೋಣೆಯ ತಾಮ್ರದ ಬಸ್‌ಬಾರಿಗೆ, ಆ ಬಸ್‌ಬಾರುಗಳು ಕಟ್ಟಡದ ಮುಖ್ಯ ಅರ್ತಿಂಗಿಗೆ ಸೇರಬೇಕು. ಕಂಪ್ಯೂಟರಿಗೆಂದು ಬೇರೆಯೇ ಗುಂಡಿ ತೋಡಿ, ಮುಖ್ಯ ಅರ್ತಿಂಗಿಗೆ ಜೋಡಿಸದೆ ಬಿಡುವ ಹಳೆಯ ಪದ್ಧತಿ ಅಪಾಯಕಾರಿ. ಟಿಐಎ-607 ಮತ್ತು ನಮ್ಮ ಅರ್ತಿಂಗ್ ಸಂಹಿತೆಯಾದ ಐಎಸ್ 3043 ಎರಡನ್ನೂ ವಿದ್ಯುತ್ ಎಂಜಿನಿಯರ್ ಜೊತೆ ಕೂತು ಓದಿ. ಬಾಂಡಿಂಗ್ ಸರಿಯಾಗಿ ಮಾಡುವ ಭರವಸೆ ಇಲ್ಲದ ಕಡೆ ಲೋಹಕವಚದ ಕೇಬಲನ್ನು ಆರಿಸಬಾರದು. ಕವಚವಿಲ್ಲದ ಕೇಬಲೇ ಅಲ್ಲಿ ಹೆಚ್ಚು ಸುರಕ್ಷಿತ.

ಹೆಸರು ಮತ್ತು ದಾಖಲೆ

ಟಿಐಎ-606 ತೋರಿಸುವ ಹೆಸರಿನ ಕ್ರಮ ಸರಳವಾಗಿದೆ: ಮಹಡಿ, ಕೋಣೆ, ಪ್ಯಾನಲ್, ಪೋರ್ಟ್. ‘1ಎ-ಬಿ02’ ಎಂದರೆ ಒಂದನೆಯ ಮಹಡಿಯ ‘ಎ’ ಕೋಣೆಯ ‘ಬಿ’ ಪ್ಯಾನಲಿನ ಎರಡನೆಯ ಪೋರ್ಟ್. ಇದೇ ಹೆಸರು ಗೋಡೆಯ ಜಾಕಿನ ಮುಖದ ಮೇಲೆ, ಪ್ಯಾನಲಿನ ಮೇಲೆ, ಮತ್ತು ಕೇಬಲಿನ ಎರಡೂ ತುದಿಗಳಲ್ಲಿ ಕವಚ ಮುಗಿಯುವ ಜಾಗದಿಂದ 300 ಮಿ.ಮೀ. ಒಳಗೆ ಇರಬೇಕು. ಯಂತ್ರದಲ್ಲಿ ಮುದ್ರಿಸಿದ ಅಂಟುಪಟ್ಟಿಯನ್ನೇ ಬಳಸಿ; ಮಾರ್ಕರಿನಲ್ಲಿ ಬರೆದದ್ದು ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಮಾಸುತ್ತದೆ. ‘ಮ್ಯಾನೇಜರ್ ಕ್ಯಾಬಿನ್’, ‘ಅಕೌಂಟ್ಸ್ 3’ ಎಂಬ ಹೆಸರುಗಳು ಬೇಡ. ವಿಭಾಗಗಳು ಜಾಗ ಬದಲಿಸುತ್ತವೆ, ಕೇಬಲ್ ಬದಲಿಸುವುದಿಲ್ಲ.

ಪರೀಕ್ಷೆ, ಮತ್ತು ಹಣ ಬಿಡುಗಡೆಗೆ ಮುನ್ನ ನೋಡಬೇಕಾದದ್ದು

ಪೆಟ್ಟಿಗೆಯ ಮೇಲಿನ ‘ಕ್ಯಾಟ್ 6ಎ’ ಎಂಬ ಮುದ್ರಣ ಕಾರ್ಖಾನೆಯಿಂದ ಹೊರಟ ಕೇಬಲಿನ ಗುಣವನ್ನು ಹೇಳುತ್ತದೆ. ನಿಮ್ಮ ಗೋಡೆಯೊಳಗೆ ಬಾಗಿ, ಜಗ್ಗಿಸಿಕೊಂಡು, ಜಾಕಿನಲ್ಲಿ ಕೂತ ಸಂಪರ್ಕದ ಗುಣವನ್ನು ಪರೀಕ್ಷೆ ಮಾತ್ರ ಹೇಳಬಲ್ಲದು. ಎಂಟು ದೀಪಗಳು ಒಂದೊಂದಾಗಿ ಬೆಳಗುವ ಅಗ್ಗದ ಟೆಸ್ಟರ್ ತೋರಿಸುವುದು ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿದೆಯೇ ಎಂಬುದಷ್ಟನ್ನೇ. ಜೋಡಿ ಒಡೆದಿದ್ದನ್ನು ಅದು ಹಿಡಿಯಲಾರದು: ಮೂರು ಮತ್ತು ಆರನೆಯ ಪಿನ್ನುಗಳಿಗೆ ಒಂದೇ ಜೋಡಿಯ ಎರಡು ಎಳೆಗಳು ಬರಬೇಕಾದಲ್ಲಿ, ಎರಡೂ ತುದಿಯಲ್ಲಿ ಒಂದೇ ರೀತಿಯಾಗಿ ಬೇರೆ ಬೇರೆ ಜೋಡಿಗಳ ಎಳೆಗಳನ್ನು ಕೂರಿಸಿದ್ದರೆ ಎಂಟೂ ದೀಪ ಕ್ರಮವಾಗಿಯೇ ಬೆಳಗುತ್ತವೆ, ಆದರೆ ಹೊಸಿಗೆಯ ರಕ್ಷಣೆ ಇಲ್ಲದ ಆ ಸಂಪರ್ಕ ಗಿಗಾಬಿಟ್ ವೇಗದಲ್ಲಿ ನಿಲ್ಲುವುದಿಲ್ಲ.

ಆದ್ದರಿಂದ ಪ್ರತಿಯೊಂದು ಪಾಯಿಂಟನ್ನೂ ಪ್ರಮಾಣೀಕರಿಸುವ ಟೆಸ್ಟರಿನಿಂದ, ಪರ್ಮನೆಂಟ್ ಲಿಂಕ್ ಅಡಾಪ್ಟರ್ ಬಳಸಿ ಪರೀಕ್ಷಿಸಬೇಕು. ನಮ್ಮ ಸೈಟುಗಳಲ್ಲಿ ‘ಫ್ಲೂಕ್ ರಿಪೋರ್ಟ್’ ಎಂದು ಕರೆಯುವುದು ಇದನ್ನೇ, ಯಂತ್ರ ಯಾವ ಕಂಪನಿಯದ್ದಾದರೂ. ಅದು ತಂತಿಗಳ ಕ್ರಮ, ಉದ್ದ, ದಾರಿಯಲ್ಲಿ ಸಂಕೇತ ಕುಂದುವ ಇನ್ಸರ್ಷನ್ ಲಾಸ್, ಜೋಡಿಗಳ ನಡುವಿನ ಸೋರಿಕೆಯಾದ ನೆಕ್ಸ್ಟ್, ಸಂಕೇತ ಹಿಂದಕ್ಕೆ ಪ್ರತಿಫಲಿಸುವ ರಿಟರ್ನ್ ಲಾಸ್, ತಲುಪುವ ಸಮಯ ಮತ್ತು ಜೋಡಿಗಳ ನಡುವಿನ ಸಮಯದ ವ್ಯತ್ಯಾಸ ಇವನ್ನೆಲ್ಲ ಆ ದರ್ಜೆಯ ಪೂರ್ತಿ ಆವರ್ತನದ ಮೇಲೆ ಅಳೆಯುತ್ತದೆ. ಕೇಬಲಿನ ಮೂಲಕ ವಿದ್ಯುತ್ ಕೊಡುವ ಉದ್ದೇಶವಿದ್ದರೆ ನಿರೋಧದ ಅಸಮತೋಲವನ್ನೂ ಅಳೆಯಲು ಹೇಳಿ. ನೆಕ್ಸ್ಟ್ ಸೋತಿದ್ದರೆ ತುದಿಗಳ ಪಂಚಿಂಗನ್ನು, ರಿಟರ್ನ್ ಲಾಸ್ ಸೋತಿದ್ದರೆ ತುದಿಯ ಜೊತೆಗೆ ಬಾಗಿದ, ಜಜ್ಜಿದ ಜಾಗವನ್ನು, ಇನ್ಸರ್ಷನ್ ಲಾಸ್ ಸೋತಿದ್ದರೆ ಉದ್ದವನ್ನೂ ಕೇಬಲಿನ ಲೋಹವನ್ನೂ ಮೊದಲು ಸಂಶಯಿಸಬೇಕು.

ವರದಿ ಕೈಗೆ ಬಂದಾಗ ‘ಪಾಸ್’ ಎಂಬ ಹಸಿರು ಗುರುತನ್ನಷ್ಟೇ ನೋಡಿ ಸಹಿ ಹಾಕಬೇಡಿ. ಆಯ್ದ ಮಿತಿ ಒಪ್ಪಂದದಲ್ಲಿದ್ದದ್ದೇ, ಅಥವಾ 6ಎ ಕೇಬಲನ್ನು 5ಇ ಮಿತಿಯಲ್ಲಿ ಪರೀಕ್ಷಿಸಿ ಪಾಸ್ ಮಾಡಿದ್ದಾರೆಯೇ? ಪರೀಕ್ಷೆ ಪರ್ಮನೆಂಟ್ ಲಿಂಕಿನದ್ದೇ, ಅಥವಾ ಪ್ಯಾಚ್ ಕಾರ್ಡುಗಳೂ ಸೇರಿದ, ಮಿತಿ ಸಡಿಲವಿರುವ ಚಾನಲಿನದ್ದೇ? ಯಂತ್ರದ ಕ್ಯಾಲಿಬ್ರೇಷನ್ ಕಳೆದ ಒಂದು ವರ್ಷದೊಳಗೆ ಆಗಿದೆಯೇ? ಪ್ರತಿ ವರದಿಯ ಹೆಸರು ಜಾಕಿನ ಮೇಲಿನ ಹೆಸರಿಗೆ ಹೊಂದುತ್ತದೆಯೇ, ಎರಡು ವರದಿಗಳ ಉದ್ದ ಮತ್ತು ಮೌಲ್ಯಗಳು ದಶಮಾಂಶದ ತನಕ ಒಂದೇ ಇವೆಯೇ? ಹಾಗೆ ಒಂದೇ ಇದ್ದರೆ ಒಂದು ಕೇಬಲನ್ನೇ ಹಲವು ಹೆಸರಿನಲ್ಲಿ ಪರೀಕ್ಷಿಸಿದ್ದಾರೆಂದು ತಿಳಿಯಬೇಕು. ನಕ್ಷತ್ರ ಚಿಹ್ನೆಯಿರುವ ‘ಪಾಸ್’ ಎಂದರೆ ಫಲಿತಾಂಶ ಯಂತ್ರದ ನಿಖರತೆಯ ಅಂಚಿನಲ್ಲಿದೆ ಎಂದರ್ಥ. ಅಂಥವು ಬಹಳ ಇದ್ದರೆ ಮತ್ತೆ ಪಂಚ್ ಮಾಡಿಸಿ. ಪಿಡಿಎಫ್ ಜೊತೆಗೆ ಟೆಸ್ಟರಿನ ಮೂಲ ಫೈಲುಗಳನ್ನೂ ಕೇಳಿ ಪಡೆಯಿರಿ, ಮತ್ತು ನಿಮ್ಮ ಎದುರಿನಲ್ಲೇ, ನೀವು ಆರಿಸಿದ ಹತ್ತರಲ್ಲೊಂದು ಪಾಯಿಂಟನ್ನು ಮರುಪರೀಕ್ಷೆ ಮಾಡಿಸಿ.

ಸೀಲಿಂಗ್ ಮುಚ್ಚುವ ಮುನ್ನವೇ ಈ ಪರೀಕ್ಷೆ ಮುಗಿಯುವಂತೆ ಒಳಾಂಗಣದ ವೇಳಾಪಟ್ಟಿಯಲ್ಲಿ ಜಾಗ ಮಾಡಿಕೊಳ್ಳಿ. ಟ್ರೇಗಳ ಫೋಟೊ, ಕೇಬಲ್ ನಿಜವಾಗಿ ಹೋದ ದಾರಿಯ ನಕಾಶೆ, ಪಾಯಿಂಟುಗಳ ಪಟ್ಟಿ, ಪರೀಕ್ಷಾ ಫೈಲುಗಳು, ತಯಾರಕರ ವಾರಂಟಿ ಪತ್ರ ಇವೆಲ್ಲ ಕೈಸೇರುವ ತನಕ ಗುತ್ತಿಗೆಯ ಕೊನೆಯ ಕಂತನ್ನು ತಡೆಹಿಡಿಯುವ ಷರತ್ತು ಒಪ್ಪಂದದಲ್ಲಿರಲಿ. ಒಂದು ಪ್ರತಿಯನ್ನು ರ‍್ಯಾಕಿನ ಒಳಗೆ, ಇನ್ನೊಂದನ್ನು ಕಚೇರಿಯ ಕಡತದಲ್ಲಿ ಇಡಿ. ಮುಂದೆ ಯಾರೇ ಒಂದು ಪಾಯಿಂಟನ್ನು ಸೇರಿಸಿದರೂ, ಕಿತ್ತರೂ, ಅದೇ ದಿನ ದಿನಾಂಕ ಹಾಕಿ ಎರಡರಲ್ಲೂ ಬರೆಯಬೇಕು.